ಭಾರಿ ನೀರು

ಲೋಟದ ತಳಕ್ಕೆ ಹೋಗಿ ಕೂತ ಬರ್ಫದ ತುಂಡು ಮೇಲೇಳಲೇ ಇಲ್ಲ.

ಪಿಎಸ್‌ಐ ಸುರೇಖಾ ಗಾಜಿನ ಲೋಟವನ್ನು ಅಲುಗಿಸಿ ನೋಡಿದಳು. ತುಂಡು ತಳದಲ್ಲೇ ಅರ್ಧ ಸುತ್ತು ತಿರುಗಿ ಮತ್ತೆ ತೆಪ್ಪಗಾಯಿತು. ಬೆರಳು ಅದ್ದಿ ಮೇಲಕ್ಕೆತ್ತಿ ಬಿಟ್ಟಳು. ಕಲ್ಲಿನ ಹಾಗೆ ಮತ್ತೆ ಮುಳುಗಿತು.

“ಯಾಕ್ರಿ ಮೇಡಂ? ಇರುವಿ ಬಿದ್ದೈತೇನ್ರಿ?” ಸಾವಂತ್ರೆವ್ವ ಗಾಬರಿಯಿಂದ ಬಗ್ಗಿ ನೋಡಿದಳು.

“ಇಲ್ಲ ದೊಡ್ಡವ್ವಾ. ಈ ಬರ್ಫ ಯಾಕ ತೇಲವಲ್ದು?”

“ತೇಲವಲ್ದೇನು?” ಮುದುಕಿ ಲೋಟವನ್ನೂ ನೋಡಿದಳು, ಪೊಲೀಸಮ್ಮನ ಮುಖವನ್ನೂ ನೋಡಿದಳು. “ಈ ಬಿಸಲಿಗೆ ಅದಕ್ಕೂ ದಣಿವಾಗಿರಬೇಕ್ರಿ. ಕುಡೀರಿ, ಕುಡೀರಿ.”

ಬರ್ಫ ತೇಲುತ್ತದೆ ಎಂಬುದನ್ನು ಸುರೇಖಾ ಶಾಲೆಗೆ ಹೋಗುವ ಮೊದಲೇ ಕಲಿತಿದ್ದಳು. ಬೀಚಿನಲ್ಲಿ ಮಣಿಸರ ಮಾರುವ ತಾಯಿ ಕೇಸರಿಬಾಯಿಯ ಸೆರಗು ಹಿಡಿದು ತಿರುಗುವಾಗ ಪರದೇಶದವರ ಗ್ಲಾಸುಗಳಲ್ಲಿ ಅದನ್ನು ಕಣ್ತುಂಬ ನೋಡಿದ್ದಳು. ಇಡೀ ಗೋವಾದಲ್ಲಿ ತೇಲುವ ಬರ್ಫ ಮಂಗೋರ್ ಹಿಲ್‌ನ ಈ ಒಂದು ಕೋಣೆಯ ಮನೆಯಲ್ಲಿ ಮಾತ್ರ ಯಾಕೆ ಮುಳುಗುತ್ತದೆಂದು ಅವಳಿಗೆ ತಿಳಿಯಲಿಲ್ಲ.

ತಿಳಿಯದ ಸಂಗತಿಗಳಿಗೆ ಈ ಕೇಸಿನಲ್ಲಿ ಬರವೇ ಇರಲಿಲ್ಲ. ಬಾಯ್ನಾ ಗುಡ್ಡದ ಮೇಲಿನ, ಎಂದೋ ಮುಚ್ಚಿಹೋದ ಸರ್ಕಾರಿ ಶಕ್ತಿ ಸಂಶೋಧನಾ ಕೇಂದ್ರದಲ್ಲಿ ನಿವೃತ್ತ ವಿಜ್ಞಾನಿ ಡಾ. ಕೇಣಿ ತಲೆ ಒಡೆದು ಸತ್ತುಬಿದ್ದಿದ್ದರು. ಅವರನ್ನು ಬೈಕಿನಲ್ಲಿ ಅಲ್ಲಿಗೆ ಕರೆದೊಯ್ದ ಸಾವಂತ್ರೆವ್ವನ ಮಗ ಬಾಳು ಲಾಕಪ್ಪಿನಲ್ಲಿದ್ದ. ಕೆಳಗೆ ಚಹಾ ಅಂಗಡಿಯಲ್ಲಿ ಕಾದು ಕಾದು ಮೇಲೆ ಹೋದೆ, ಹೆಣ ಕಂಡು ಹೆದರಿ ಓಡಿದೆ ಎಂದು ಅವನು ಹೇಳುತ್ತಿದ್ದ. ಓಡಿದವನೇ ಕೊಂದವನು ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳುತ್ತಿದ್ದರು.

ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಒಯ್ಯಬೇಕು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಬಂದರಿನಲ್ಲಿ ಕೂಲಿ ಮಾಡುವ ಬಾಳು ಕೊಲೆಗಾರನಾಗಿ ಜೈಲು ಸೇರುತ್ತಾನೆ. ಅವನಲ್ಲ ಎಂದು ಸುರೇಖಾಳ ಮನಸ್ಸು ಹೇಳುತ್ತಿತ್ತು. ಆದರೆ ಪಿಎಸ್‌ಐ ಒಬ್ಬಳ ಮನಸ್ಸನ್ನು ಯಾವ ಕೋರ್ಟೂ ಸಾಕ್ಷಿಯೆಂದು ತೆಗೆದುಕೊಳ್ಳುವುದಿಲ್ಲ.

ಅವಳ ಹತ್ತಿರ ಇದ್ದದ್ದು ಒಂದೇ ಒಂದು ತೊಡಕು. ಹೆಣದ ಪಕ್ಕ ಬಿದ್ದಿದ್ದ ಖಾಲಿ ಶೀಸೆ, ಅದರ ಕತ್ತಿಗೆ ಕಟ್ಟಿದ ಕೆಂಪು ದಾರ. ಲ್ಯಾಬಿನವರು ವಿಷವಿಲ್ಲ, ನೀರಿನ ಪಸೆ ಇದೆ ಎಂದು ಬರೆದು ಕಳಿಸಿದ್ದರು. ಮುದುಕನಿಗೆ ಬಾಯಾರಿತ್ತು ಎಂದು ಇನ್‌ಸ್ಪೆಕ್ಟರ್ ನಕ್ಕು ಅದನ್ನು ಮರೆತಿದ್ದರು.

ಸುರೇಖಾ ಮೊಬೈಲಿನಲ್ಲಿ ಶೀಸೆಯ ಫೋಟೋ ತೆಗೆದು ಮುದುಕಿಯ ಮುಂದೆ ಹಿಡಿದಳು.

“ಅಯ್ಯ, ಇದು ನಮ್ಮನಿ ಶೀಸೇನ ಐತಲ್ರಿ! ದಾರಾ ನಾನ ಕಟ್ಟೇನಿ. ದೇವರ ಮುಂದಿನ ನೀರು ಹಂಗ ಬರಿದ ಕೊಡಬಾರದಂತ.”

“ಯಾವ ನೀರು?”

“ಅದ ರೀ, ನಿಮ್ಮ ಲೋಟದಾಗ ಬರ್ಫ ಆಗಿ ಕುಂತೈತಲ್ಲ, ಅದ. ಹಂತಿಂಥಾ ನೀರಲ್ರಿ ಅದು. ಭಾರಿ ನೀರು!”

ಸುರೇಖಾ ಒಂದು ಗುಟುಕು ಕುಡಿದಳು. ಎಲ್ಲೋ ಒಂದು ಸಣ್ಣ ಸಿಹಿ ಇತ್ತು, ಅಥವಾ ಇದ್ದಂತೆ ಅನಿಸಿತು.

“ಚಲೋ ಐತಿ ದೊಡ್ಡವ್ವಾ, ಖರೇ. ಎಲ್ಲಿಂದು?”

“ಸೆಂಟರಿಂದು. ಬಾಳ್ಯಾ ಹೊಟ್ಟ್ಯಾಗಿದ್ದಾಗ ನಾ ಅಲ್ಲಿ ಕಸಾ ಹೊಡೀತಿದ್ದೆ. ನಮ್ಮನಿಯವ್ರು, ಅಮೀನಪ್ಪ, ಈಗ ಇಲ್ರಿ, ಅವ್ರು ಗೇಟಿಗೆ ವಾಚಮನ್. ಕೇಣಿ ಸಾಹೇಬ್ರು ಒಂದು ಗಾಜಿನ ಜಾಡಿ ತೋರಿಸಿ ಹಿಂದ್ಯಾಗ ಅಂದ್ರು, ‘ಸಾವಂತ್ರೀ, ಇದನ್ನ ಮುಟ್ಟಬ್ಯಾಡ, ಭಾರೀ ಪಾನೀ ಹೈ’ ಅಂತ. ಡಿಲ್ಲಿ ಸರಕಾರ ಕಳಸಿದ್ದಂತ್ರಿ. ಕೂಸಿನ್ನ ಎತ್ತಿಕೊಂಡಂಗ ಎತ್ತಿಕೊಳ್ಳತಿದ್ರು ಅದನ್ನ.”

ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಸುರೇಖಾ ಬಾಗಿಲ ಹೊರಗೆ ಬಂದು ಅಶ್ವಿನಿಗೆ ಫೋನ್ ಮಾಡಿದಳು. ಇಬ್ಬರೂ ವಾಸ್ಕೋದ ಶಾಲೆಯಲ್ಲಿ ಒಂದೇ ಬೆಂಚಿನವರು. ಅಶ್ವಿನಿ ಈಗ ಅಲ್ಲೇ ವಿಜ್ಞಾನದ ಟೀಚರ್.

“ಅಶ್ವಿನಿ, ಬರ್ಫ ನೀರಾಗ ಮುಳುಗಾಕ ಏನ ಕಾರಣ?”

“ಡ್ಯೂಟಿ ಮ್ಯಾಲ ಫೆನ್ನಿ ಹಾಕೀಯೇನ ನೀನು?”

“ಖರೇನ ಕೇಳಾಕತ್ತೇನಿ.”

“ಭಾರಜಲದ ಬರ್ಫ ಇದ್ರ ಮುಳಗತೈತಿ. ನೋಡಾಕ ನಮ್ಮ ನೀರಿನಂಗ, ಆದ್ರ ತೂಕ ಜಾಸ್ತಿ. ಅಣುಶಕ್ತಿ ಕೆಲಸಕ್ಕ ಬೇಕಾಗೂದು. ಹಿಂದ್ಯಾಗ ಭಾರೀ ಪಾನೀ ಅಂತಾರ. ನಿನಗೆಲ್ಲಿ ಸಿಕ್ತು ಅದು?”

“ಕುಡದ್ರ ಏನರ ಆಗತೈತೇನು?”

“ಒಂದ ಗುಟುಕಿಗೆ ಏನೂ ಆಗೂದಿಲ್ಲ. ಯಾಕ, ಎಷ್ಟ ಕುಡದಿ?”

ಸುರೇಖಾ ಫೋನ್ ಇಟ್ಟಳು. ಭಾರಿ ಎಂಬ ಒಂದೇ ಮಾತು. ಸಾಹೇಬರು ಹೇಳಿದ್ದು ತೂಕ. ವಿಜಯಪುರದ ಕಡೆಯಿಂದ ಆಗಷ್ಟೇ ಬಂದಿದ್ದ ಬಸುರಿ ಹೆಣ್ಣುಮಗಳು ಕೇಳಿಸಿಕೊಂಡದ್ದು ಹೊಗಳಿಕೆ. ಆ ಸೀಮೆಯಲ್ಲಿ ಸೀರೆ ಭಾರಿ, ಊಟ ಭಾರಿ, ಅಳಿಯ ಭಾರಿ. ನೀರು ಯಾಕೆ ಭಾರಿ ಆಗಬಾರದು?

ಅವಳು ಒಳಗೆ ಬಂದು ಚಾಪೆಯ ಮೇಲೆ ಕೂತಳು. “ಆ ನೀರು ಮನಿಗಿ ಹೆಂಗ ಬಂತು ದೊಡ್ಡವ್ವಾ?”

ಸಾವಂತ್ರೆವ್ವನಿಗೆ ಅಳುಕೆಂಬುದೇ ಇರಲಿಲ್ಲ. “ಆ ವರ್ಷದ ಬ್ಯಾಸಗಿ ಕೇಳಬ್ಯಾಡ್ರಿ. ಎಲ್ಲಾ ನಳದಾಗೂ ಸವುಳ ನೀರು. ಕುಡದ್ರ ಸಾಕು, ವಾಂತಿ. ಬಸರ ಹೆಂಗಸು ನಾ ಏನ ಮಾಡ್ಲಿ? ಸಾಹೇಬ್ರ ಮೊದಲನೇ ಜಾಡಿ ಖಾಲಿ ಆಗಿ ಹಿತ್ತಲದಾಗ ಬಿದ್ದಿತ್ತು. ಅದಕ್ಕೂ ಅದ ಚೀಟಿ ಹಚ್ಚಿತ್ತು. ಅದರಾಗ ನಳದ ನೀರು ತುಂಬಿ ಹೊಸಾ ಜಾಡಿ ಜಾಗಾದಾಗ ಇಟ್ಟೆ. ಹೊಸಾದು ಕಸದ ಬುಟ್ಟ್ಯಾಗ ಕುಂತು ಮನಿಗಿ ಬಂತು.”

“ಅವರಿಗೆ ತಿಳೀಲಿಲ್ಲೇನು?”

“ಹೆಂಗ ತಿಳೀಬೇಕ್ರಿ? ಒಂದ ಜಾಡಿ ಇರಬೇಕಿತ್ತು, ಒಂದ ಜಾಡಿ ಇತ್ತು. ಸರಕಾರದ್ದು ಸರಕಾರಕ್ಕ ಬರೋಬ್ಬರಿ.” ಮುದುಕಿ ಹತ್ತಿರ ಸರಿದಳು. “ಮುಂದ ಕೇಳ್ರಿಲ್ಲಿ. ಮೊದಲನೇ ಜಾಡಿ ಮುಗಿಯೂತನಾ ಅವರ ಮಿಷನ್ನಿನಾಗ ಏನೂ ಆಗಿರಲಿಲ್ಲ. ನಾ ಇಟ್ಟ ಜಾಡಿ ಹಾಕಿದ್ರು ನೋಡ್ರಿ, ಬಿಸಿ ಬಂತು! ಸಾಹೇಬ್ರು ಕುಣದಾಡಿ ಎಲ್ಲಾರಿಗೂ ಪೇಢೆ ಹಂಚಿದ್ರು. ನನಗೂ ಕೊಟ್ರು.”

ಸುರೇಖಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದು ಎಂಬತ್ತೊಂಬತ್ತರ ಬೇಸಿಗೆ. ಸೂರ್ಯನೊಳಗೆ ನಡೆಯುವ ಕೆಲಸವನ್ನು ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲೇ ನಡೆಸಬಹುದು ಎಂಬ ಸುದ್ದಿ ಪರದೇಶದಿಂದ ಬಂದು ಓದಿದವರೆಲ್ಲ ತಲೆಕೆಟ್ಟು ಕುಣಿದ ಕಾಲ. ಭಾರಜಲದಲ್ಲಿ ಲೋಹದ ಕಡ್ಡಿ ಅದ್ದಿ ಕರೆಂಟು ಹರಿಸಿದರೆ, ಕೊಟ್ಟದ್ದಕ್ಕಿಂತ ಹೆಚ್ಚು ಬಿಸಿ ಬರುತ್ತದಂತೆ. ಸರ್ಕಾರ ಹಣ ಕೊಟ್ಟಿತು, ಭಾರಜಲ ಕೊಟ್ಟಿತು. ಕೇಣಿ ಮತ್ತು ಅವರ ಜೊತೆಗಾರ ಡಾ. ಎವರಿಸ್ಟೊ ಮಿನೇಜಿಸ್ ನಮಗೆ ಬಿಸಿ ಬಂತು ಎಂದು ಸಾರಿದರು. ಅವರಂತೆ ಮಾಡಿ ನೋಡಿದ ಬೇರೆ ಯಾರಿಗೂ ಬರಲಿಲ್ಲ. ಜನ ನಕ್ಕರು, ಸರ್ಕಾರ ಬೀಗ ಹಾಕಿತು. ನೀರಿನಲ್ಲಿ ಹೋಮ ಎಂಬ ಗಾದೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕಳೆದ ವಾರ ವಿಚಾರಣೆಗೆ ಹೋದಾಗ ಮಿನೇಜಿಸ್ ಎದೆಯುಬ್ಬಿಸಿ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಸಾದಾ ನೀರಿನಲ್ಲಿ ಬಿಸಿ ಬರುವುದಿಲ್ಲ, ಭಾರಜಲದಲ್ಲಷ್ಟೇ ಬಂತು, ಅದೇ ನಮ್ಮ ಪುರಾವೆ. ಆ ಹಳೆಯ ಪುರಾವೆಯನ್ನೇ ತೋರಿಸಿ ಅವರು ಈಗ ಹೊಸ ಕಂಪನಿ ತೆರೆದಿದ್ದರು. ಮುಂದಿನ ವಾರ ಮಂತ್ರಿಗಳಿಂದ ಉದ್ಘಾಟನೆ. ಆ ಪುರಾವೆಯೋ, ಬಾಯ್ನಾದ ನಲ್ಲಿಯ ಸವುಳು ನೀರು!

“ಇದು ಕೇಣಿ ಸಾಹೇಬ್ರಿಗೆ ಗೊತ್ತಾತೇನು?”

“ಸಾಯೂಕಿಂತ ಮೊದಲ ಬಂದಿದ್ರಲ್ರಿ, ಹಳೇ ಮಂದೀನ್ನ ನೋಡಿ ಹೋಗ್ತೇನಿ ಅಂತ. ದೇವರ ಜಗಲಿ ಮ್ಯಾಲಿನ ಜಾಡಿ ಕಂಡ್ರು. ಚೀಟಿ ಮ್ಯಾಲ ಅವರದ ಅಕ್ಷರ. ನಾ ಎಲ್ಲಾ ಹೇಳಿದೆ. ನಕ್ಕ್ರು ನೋಡ್ರಿ, ನಕ್ಕು ನಕ್ಕು ಕಣ್ಣಾಗ ನೀರು ಬಂತು. ಆಮ್ಯಾಲ ನಗು ನಿಂತ್ರೂ ನೀರು ನಿಲ್ಲಲಿಲ್ಲ. ಒಂದ ಶೀಸೆ ತುಂಬಿಸಿಕೊಂಡ್ರು. ‘ಎವರಿಸ್ಟೊಗ ತೋರಸ್ತೇನಿ, ಅವನೂ ನಗಲಿ’ ಅಂದ್ರು.”

ಕೇಣಿಯ ಮುಖ ನೋಡಿ ಇಪ್ಪತ್ತು ವರ್ಷವಾಯಿತು ಎಂದು ಮಿನೇಜಿಸ್ ಹೇಳಿಕೆ ಕೊಟ್ಟಿದ್ದರು.

“ಜಾಡಿ ಎಲ್ಲೈತಿ?”

“ತೊಳದ ಇಟ್ಟೇನ್ರಿ.” ಸಾವಂತ್ರೆವ್ವ ಹೆಮ್ಮೆಯಿಂದ ಅಡಿಗೆಯ ಮೂಲೆ ತೋರಿಸಿದಳು. ಬೂದಿ ಹಚ್ಚಿ ತಿಕ್ಕಿದ ಜಾಡಿ ಫಳಫಳ ಹೊಳೆಯುತ್ತಿತ್ತು. ಚೀಟಿಯ ಅಂಟೂ ಉಳಿದಿರಲಿಲ್ಲ. “ಸಾಹೇಬ್ರು ಸತ್ತ ಸುದ್ದಿ ಬಂತು. ಸೂತಕದ ಜಾಡಿ ದೇವರ ಮುಂದ ಇಡಬಾರದಲ್ರಿ. ಉಳದ ನೀರು ಚೆಲ್ಲಾಕ ಮನಸ್ಸ ಬರಲಿಲ್ಲ. ಸೊಸಿ ಕೈಲೆ ಬರ್ಫ ಮಾಡಿಸಿ ಓಣಿ ಮಂದಿಗೆಲ್ಲಾ ಹಂಚಿದೆ.”

ಸುರೇಖಾ ಹಣೆ ಹಿಡಿದುಕೊಂಡಳು. ಕೊಲೆಗೆ ಕಾರಣವಾದ ವಸ್ತುವನ್ನು ಮಂಗೋರ್ ಹಿಲ್‌ನ ಓಣಿ ಚೀಪಿ ಮುಗಿಸಿತ್ತು. ಲೋಟದೊಳಗಿನದೂ ಅಷ್ಟರಲ್ಲಿ ಕರಗಿ ಸಾದಾ ನೀರಿನಲ್ಲಿ ಬೆರೆತುಹೋಗಿತ್ತು.

ಬಾಳುವಿನ ಹೆಂಡತಿ ಹುಲಿಗೆಮ್ಮ ಲಾಕಪ್ಪಿಗೆ ಒಯ್ಯಲು ಚಪಾತಿಯ ಬುತ್ತಿ ಕಟ್ಟುತ್ತಿದ್ದವಳು ಎದ್ದು ಫ್ರಿಜ್ ತೆರೆದಳು. “ಒಂದ ಉಳದೈತ್ರಿ.”

ಒಂದೇ ಒಂದು ತುಂಡು. ಅದನ್ನು ಲ್ಯಾಬಿಗೆ ಕಳಿಸುವುದೇ ಸರಿಯಾದ ದಾರಿ. ಆದರೆ ಲ್ಯಾಬಿನ ಉತ್ತರ ಬರುವ ಹೊತ್ತಿಗೆ ಬಾಳು ಜೈಲಿನ ಅನ್ನಕ್ಕೆ ಒಗ್ಗಿಹೋಗಿರುತ್ತಾನೆ. ಇದನ್ನು ಮಿನೇಜಿಸ್ ಕಣ್ಣಿಗೆ ಹಿಡಿದರೆ ಆ ಮುಖ ಏನು ಹೇಳುತ್ತದೋ ನೋಡಬೇಕು. ಸುರೇಖಾ ತುಂಡನ್ನು ಥರ್ಮಾಸಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಅವಸರದ ಕೆಲಸ ಹಾಳು ಎಂದು ಅವಳಿಗೆ ಆಗ ಹೇಳುವವರು ಯಾರೂ ಇರಲಿಲ್ಲ.

“ಮೇಡಂ.” ಸಾವಂತ್ರೆವ್ವನ ದನಿ ಈಗ ಬೇರೆಯಾಗಿತ್ತು. “ಆ ನೀರು ತಂದದ್ದು ಕಳವಾತೇನ್ರಿ? ಸರಕಾರದವ್ರು ನನ್ನ ಒಳಗ ಹಾಕತಾರೇನು?”

“ಅದನ್ನ ಆಮ್ಯಾಲ ನೋಡೂಣು ದೊಡ್ಡವ್ವಾ” ಎಂದುಬಿಟ್ಟಳು ಸುರೇಖಾ. ಇಲ್ಲ ಎನ್ನಬೇಕಿತ್ತು. ಹುಲಿಗೆಮ್ಮ ಬುತ್ತಿಯ ಗಂಟು ಹಿಡಿದು ಕೇಳುತ್ತ ನಿಂತಿದ್ದಳು.

“ಹುಲಿಗೆಮ್ಮಾ, ಈ ಮಾತು ಯಾರ ಮುಂದೂ ಬಾಯಿ ಬಿಡಬ್ಯಾಡ.”

ಹುಲಿಗೆಮ್ಮ ತಲೆಯಾಡಿಸಿದಳು. ಯಾರ ಮುಂದೂ ಎಂಬುದರಲ್ಲಿ ಗಂಡನೂ ಸೇರುತ್ತಾನೆಂದು ಯಾವ ಹೆಂಡತಿ ತಿಳಿದಾಳು?

ಝುವಾರಿ ಸೇತುವೆಯ ಮೇಲೆ ಸ್ಕೂಟರು ಓಡುವಾಗ ಸುರೇಖಾಳ ತಲೆ ಕಡಲೆ ಹುರಿದಂತೆ ಚಟಪಟ ಅನ್ನುತ್ತಿತ್ತು. ಶೀಸೆಯ ನೀರು ಚೆಲ್ಲಿದವರು ಮಿನೇಜಿಸ್ ಎನ್ನೋಣ. ಆದರೆ ಗುಡ್ಡಕ್ಕೆ ಇರುವುದು ಒಂದೇ ರಸ್ತೆ, ಅದರ ಬುಡದಲ್ಲೇ ಬಾಳು ಕೂತಿದ್ದ. ಯಾರೂ ಮೇಲೆ ಹೋಗಲಿಲ್ಲ ಎಂದು ಅವನೇ ಹೇಳುತ್ತಾನೆ. ತನ್ನನ್ನು ಉಳಿಸಬಲ್ಲ ಒಂದು ಸುಳ್ಳನ್ನೂ ಆ ಹುಂಬ ಹೇಳುವುದಿಲ್ಲ. ಹಾಗಾದರೆ ಮಿನೇಜಿಸ್ ಹಾರಿ ಬಂದರೇ? ಒಂದು ಗಂಟು ಬಿಚ್ಚಿದರೆ ಎರಡು ಬೀಳುತ್ತಿದ್ದವು. ಕಾಲ ನಡುವಿನ ಥರ್ಮಾಸಿನಲ್ಲಿ ತುಂಡು ಕಟಕಟ ಸದ್ದು ಮಾಡುವುದು ಕೇಳಿಸುವವರೆಗೆ ಅವಳಿಗೆ ಧೈರ್ಯವಿತ್ತು. ಮಿನೇಜಿಸ್ ಕಂಪನಿಯಿದ್ದ ದೋನಾ ಪಾವ್ಲಾ ಬರುವ ಹೊತ್ತಿಗೆ ಆ ಸದ್ದು ಸಣ್ಣದಾಗಿತ್ತು.

ಮಿನೇಜಿಸ್ ಕೊಠಡಿಯಲ್ಲಿ ಒಬ್ಬರೇ ಇದ್ದರು. ಬಿಳಿ ಅಂಗಿ, ಬಿಳಿ ಕೂದಲು, ಒಳ್ಳೆಯ ಮನೆತನದ ಮೆಲುದನಿ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಹಳೆಯ ಗ್ರಾಫ್. ಮಲಗಿದ್ದ ಗೆರೆಯೊಂದು ಇದ್ದಕ್ಕಿದ್ದಂತೆ ಎದ್ದು ನಿಂತಿತ್ತು. ಅದು ಎದ್ದದ್ದು ಸಾವಂತ್ರೆವ್ವನ ಜಾಡಿಯಿಂದ ಎಂದು ಗೊತ್ತಿದ್ದವಳಿಗೆ ಅದರ ಕಡೆ ನೋಡಲು ಕಷ್ಟವಾಯಿತು.

“ಮತ್ತೆ ಏನು ಪ್ರಶ್ನೆ?” ಅವರು ಕೊಂಕಣಿಯಲ್ಲಿ ಕೇಳಿದರು.

“ಪ್ರಶ್ನೆ ಇಲ್ಲ ಡಾಕ್ಟರ್. ಒಂದು ಲೋಟ ನೀರು ಸಿಗಬಹುದೇ?” ಸುರೇಖಾಳೂ ಕೊಂಕಣಿಯಲ್ಲೇ ಕೇಳಿದಳು.

ಅವರೇ ಜಗ್ಗಿನಿಂದ ಗಾಜಿನ ಲೋಟಕ್ಕೆ ಬಗ್ಗಿಸಿ ಮುಂದಿಟ್ಟರು. ಸುರೇಖಾ ಥರ್ಮಾಸ್ ತೆರೆದು ಉಳಿದ ತುಂಡನ್ನು ಲೋಟಕ್ಕೆ ಜಾರಿಸಿದಳು. ಗೋಲಿಯಷ್ಟಾಗಿದ್ದ ತುಂಡು ನೇರ ತಳಕ್ಕೆ ಹೋಗಿ ಕೂತಿತು.

ಮಿನೇಜಿಸ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಇನ್ನೂ ಉಳಿದಿತ್ತೇ?” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಸುರೇಖಾ ನೋಡಿದ್ದಳು. ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡವರನ್ನು ಕಂಡದ್ದು ಇದೇ ಮೊದಲು.

“ಏನು ಉಳಿದಿತ್ತು ಡಾಕ್ಟರ್? ನಾನು ಏನನ್ನೂ ಹೇಳಲಿಲ್ಲವಲ್ಲ.”

ಅವರು ಕುರ್ಚಿಯಿಂದೆದ್ದು ಬಾಗಿಲು ಮುಚ್ಚಿ ಬಂದರು. “ಬಿಸಿ ಬಂದದ್ದು ನಿಜ” ಎಂದರು ನಿಧಾನವಾಗಿ. “ನಾನು ಪಾತ್ರೆಯ ಮೇಲೆ ಕೈಯಿಟ್ಟು ನೋಡಿದ್ದೇನೆ. ಜನ ನಕ್ಕಾಗಲೆಲ್ಲ ಆ ಬಿಸಿಯನ್ನು ನೆನೆದು ಬದುಕಿದ್ದೇನೆ. ಪುರುಷೋತ್ತಮ ಮಾತ್ರ ಒಬ್ಬ ಕಸ ಗುಡಿಸುವವಳ ಮಾತು ಕಟ್ಟಿಕೊಂಡು...” ಮಾತು ಅಲ್ಲಿಗೇ ನಿಂತಿತು.

ಪುರುಷೋತ್ತಮ ಎಂದರೆ ಕೇಣಿ. ಇಪ್ಪತ್ತು ವರ್ಷ ಮುಖ ನೋಡದವರಿಗೆ ಮೊನ್ನೆ ಮೊನ್ನೆಯ ಮಾತು ಹೇಗೆ ತಿಳಿಯಿತು? ಆದರೂ ಒಂದು ಗೊಂದಲ ಸುರೇಖಾಳನ್ನು ಕಾಡಿತು. ಆ ಬಿಸಿಯ ಬಗ್ಗೆ ಮಾತಾಡುವಾಗ ಈ ಮನುಷ್ಯನ ಕಣ್ಣಿನಲ್ಲಿ ಸುಳ್ಳಿರಲಿಲ್ಲ.

“ಕೇಣಿ ಆ ದಿನ ನಿಮ್ಮನ್ನು ಗುಡ್ಡದ ಮೇಲೆ ಕರೆದಿದ್ದರು. ಹೌದೋ ಇಲ್ಲವೋ?”

ಮಿನೇಜಿಸ್ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದರು. ಪೂಜೆಯ ಪಾತ್ರೆ ನೋಡುವ ಹಾಗೆ ನೋಡಿದರು. ಸುರೇಖಾ ಕೈಚಾಚುವ ಮೊದಲೇ ಗಟಗಟ ಕುಡಿದುಬಿಟ್ಟರು. ಕೊನೆಗೆ ಲೋಟ ಬಗ್ಗಿಸಿ ಬರ್ಫದ ತುಂಡನ್ನೂ ಬಾಯಿಗೆ ಹಾಕಿಕೊಂಡು ಕರಕರ ಕಡಿದರು.

ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು ಕರವಸ್ತ್ರದಿಂದ ತುಟಿ ಒರೆಸಿಕೊಂಡರು.

“ಸೆಖೆ ಬಹಳ” ಎಂದರು. “ನೀವು ಏನೋ ತೋರಿಸಲು ಬಂದಿದ್ದಿರಲ್ಲವೇ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಬಾಯಿಗೇ ಹೋಗಿತ್ತು, ಬೇರೆಯವರ ಬಾಯಿಗೆ. ಸುರೇಖಾ ಖಾಲಿ ಲೋಟವನ್ನು ಎತ್ತಿ ತಳ ನೋಡಿದಳು. ಕೇಳಿದವರು ಇಬ್ಬರೇ, ಮುಚ್ಚಿದ ಬಾಗಿಲು, ಒದ್ದೆ ಲೋಟ. ಇದನ್ನು ಸ್ಟೇಷನ್ನಿನಲ್ಲಿ ಹೇಳಿದರೆ ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದು ನಗುತ್ತಾರೆ.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಸ್ಟೇಷನ್ನಿನಿಂದ ಹವಾಲ್ದಾರ್ ಕುಬೇರ.

“ಮೇಡಂ, ಎಲ್ಲಿದ್ದೀರಿ? ಲಗೂನ ಬರ್ರಿ. ಬಾಳು ಒಪ್ಪಿಕೊಂಡಾನ.”

“ಏನ ಒಪ್ಪಿಕೊಂಡಾನ?”

“ಕೊಲೀರಿ. ಹೇಣ್ತಿ ಬುತ್ತಿ ಕೊಡಾಕ ಬಂದಾಕಿ ಕಿವ್ಯಾಗ ಏನೋ ಅಂದ್ಲು. ಅಕಿ ಹೊಳ್ಳಿ ಹೋದ ಕೂಡ್ಲೇ ಸಾಹೇಬ್ರನ್ನ ಕರೀರಿ ಅಂತ ಸರಳು ಬಡದಾ. ಕೇಣೀನ ನಾನ ಹೊಡದೇನಿ, ಸೆಂಟರಿನ ನೀರೂ ನಾನ ಕದ್ದೇನಿ, ಅವ್ವಗ ಏನೂ ಗೊತ್ತಿಲ್ಲ, ನಾಳೆ ಜಡ್ಜ್ ಸಾಹೇಬ್ರ ಮುಂದ ಹಿಂಗ ಹೇಳ್ತೇನಿ ಅಂತಾನ. ಯಾವ ನೀರ್ರಿ ಮೇಡಂ ಅದು? ತಲಿಬುಡ ತಿಳೀವಲ್ದು.”

ತಾಯಿಯ ಹೊಟ್ಟೆಯಲ್ಲಿದ್ದಾಗ ಕದ್ದ ನೀರನ್ನು ಆ ಹುಚ್ಚು ಮಗ ತಲೆಯ ಮೇಲೆ ಹೊತ್ತುಕೊಂಡಿದ್ದ. ಆಮ್ಯಾಲ ನೋಡೂಣು ಎಂದ ತನ್ನ ಬಾಯಿಗೆ ಬೆಂಕಿ ಹಾಕಬೇಕು ಎಂದು ಸುರೇಖಾಗೆ ಅನಿಸಿತು.

“ಕುಬೇರಪ್ಪಾ, ಅವನ ಮಾತು ಬರಕೊಳ್ಳಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳು. ಅಂವಾ ಅವ್ವನ್ನ ಉಳಸಾಕ ಸುಳ್ಳ ಹೇಳಾಕತ್ತಾನ. ನಾ ಹೊಂಟೆ.”

“ಅದಕ್ಕ ರೀ ನಾ ಫೋನ್ ಮಾಡಿದ್ದು.” ಕುಬೇರ ದನಿ ತಗ್ಗಿಸಿದ. “ಈಗ ಅವ್ವನೂ ಬಂದಾಳ. ಸಾವಂತ್ರೆವ್ವ. ಬಾಗಲದಾಗ ಕುಂತು ಎದಿ ಬಡಕೊಳ್ಳಾಕತ್ತಾಳ. ನನ್ನ ಮಗಾ ಏನೂ ಮಾಡಿಲ್ಲ, ಆ ಮುದುಕ ನೀರಿನ ಸುದ್ದಿ ಬಯಲ ಮಾಡ್ತೇನಿ ಅಂದ, ನಾನ ಸೆಂಟರಿನ ಹಳೇ ಮಂದಿಗಷ್ಟ ಗೊತ್ತಿರೂ ಹಿಂದಿನ ಕಾಲುದಾರಿ ಹಿಡಿದ ಗುಡ್ಡಾ ಹತ್ತಿ ಕಲ್ಲ ಎತ್ತಿ ಹಾಕೇನಿ ಅಂತಾಳ. ಇಬ್ಬರೂ ಬಿಡವಲ್ರು. ಸಾಹೇಬ್ರು ಪೆನ್ನ ಹಿಡಕೊಂಡ ಕುಂತಾರ್ರಿ ಮೇಡಂ. ಕೇಳಾಕತ್ತಾರ, ಇಬ್ಬರೊಳಗ ಯಾರದ ಬರಕೊಳ್ಳಲಿ?”